ಹಲ್ಲಿನ ಆರೈಕೆ, ವರ್ಷವಿಡೀ: ಮುಂಬಯಿ, ಪುಣೆ, ಗೋವಾದ ಕನ್ನಡ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಮಾಟುಂಗ, ಡೊಂಬಿವಲಿ, ಥಾಣೆ, ಮೀರಾ ರೋಡ್, ಪಿಂಪ್ರಿ, ಮಡಗಾಂವ್ ಎಲ್ಲಿಂದ ಬಂದರೂ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಉತ್ತರ ಕೆಲವಕ್ಕೆ ಒಂದೇ ಸಾಲು, ಕೆಲವಕ್ಕೆ ಒಂದು ಪುಟ.

ನಮ್ಮ ಮಗ ಚಾಕೊಲೇಟ್ ಅಷ್ಟೇನೂ ತಿನ್ನೋದಿಲ್ಲ. ಆದರೂ ಹಲ್ಲಿಗೆ ಹುಳ ಹಿಡಿದಿದೆ. ಯಾಕೆ?

ಹಲ್ಲಿನೊಳಗೆ ಹುಳ ಇರುವುದಿಲ್ಲ. ಹಲ್ಲಿನ ಮೇಲೆ ಕಟ್ಟುವ ಅಂಟು ಪಾಚಿಯಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ನಾವು ತಿಂದ ಸಕ್ಕರೆ, ಮೈದಾ, ಬೆಂದ ಪಿಷ್ಟ ಅವಕ್ಕೂ ಊಟ. ತಿಂದು ಅವು ಬಿಡುವ ಆಮ್ಲದಿಂದ ಪಾಚಿಯ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಕವಚದಿಂದ ಸುಣ್ಣದಂಶ ಕರಗತೊಡಗುತ್ತದೆ. ಜೊಲ್ಲು ಆ ಆಮ್ಲವನ್ನು ತೊಳೆದು ಮತ್ತೆ ಸಮಸ್ಥಿತಿಗೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು.

ಈಗ ಲೆಕ್ಕ ಹಾಕಿ. ಮಧ್ಯಾಹ್ನ ಊಟವಾದ ಕೂಡಲೇ ಮೂರು ಚಾಕೊಲೇಟ್ ಒಟ್ಟಿಗೆ ತಿಂದ ಮಗುವಿನ ಹಲ್ಲಿಗೆ ಬಿದ್ದದ್ದು ಒಂದು ಏಟು. ಬೆಳಿಗ್ಗೆ ಹಾಲು-ಬಿಸ್ಕತ್ತು, ಶಾಲೆಬಸ್ಸಿನಲ್ಲಿ ಖಾರಿ, ರಿಸೆಸ್ಸಿನಲ್ಲಿ ಜ್ಯಾಮ್ ಸ್ಯಾಂಡ್‌ವಿಚ್, ಟ್ಯೂಷನ್‌ಗೆ ಹೋಗುವಾಗ ವೇಫರ್ಸ್, ಸಂಜೆ ಚಾಕೊಲೇಟ್ ಪುಡಿ ಹಾಕಿದ ಹಾಲು ಅಂದರೆ ಐದು ಏಟು, ಮಧ್ಯೆ ಸುಧಾರಿಸಿಕೊಳ್ಳಲು ಪುರಸೊತ್ತಿಲ್ಲ. ಒಂದು ತುಂಡು ಚಾಕೊಲೇಟೂ ತಿನ್ನದ ಈ ಎರಡನೇ ಮಗುವಿನ ಹಲ್ಲೇ ಬೇಗ ಹಾಳಾಗುತ್ತದೆ. ಎಷ್ಟು ತಿಂದ ಅನ್ನೋದಕ್ಕಿಂತ ದಿನಕ್ಕೆ ಎಷ್ಟು ಸಲ ಬಾಯಾಡಿಸಿದ ಅನ್ನೋದನ್ನು ಮೊದಲು ಎಣಿಸಿ. ಬಿಸ್ಕತ್ತು ದವಡೆಹಲ್ಲಿನ ಗೀರುಗಳಲ್ಲಿ ಚಾಕೊಲೇಟ್‌ಗಿಂತ ಹೆಚ್ಚು ಹೊತ್ತು ಅಂಟಿಕೊಂಡಿರುತ್ತದೆ, ಇದನ್ನು ನಂಬುವವರು ಕಡಿಮೆ.

ಬೆಳಿಗ್ಗೆ ಚೆನ್ನಾಗಿ ಉಜ್ಜುತ್ತೇವೆ. ರಾತ್ರಿಯೂ ಬೇಕೇ?

ಒಂದೇ ಹೊತ್ತು ಉಜ್ಜುವುದಾದರೆ ರಾತ್ರಿಯದ್ದನ್ನೇ ಉಳಿಸಿಕೊಳ್ಳಿ. ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆಯಾಗುತ್ತದೆ, ಆಮ್ಲ ತೊಳೆಯುವವರೇ ಇಲ್ಲ. ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು. ಹಾಲು, ಮುಖವಾಸ, ಮಾತ್ರೆಯ ಜೊತೆಗಿನ ಚಿಟಿಕೆ ಸಕ್ಕರೆಯೂ ಬೇಡ. ವಿರಾರ್ ಲೋಕಲ್‌ನಲ್ಲಿ ಹತ್ತೂವರೆಗೆ ಮನೆ ಸೇರುವವರಿಗೆ ಊಟವಾದ ಕೂಡಲೇ ಕಣ್ಣು ಮುಚ್ಚಿಹೋಗುತ್ತದೆ. ಅಂಥವರು ಬ್ರಶ್ ಅನ್ನು ಅಡುಗೆಮನೆ ಸಿಂಕಿನ ಹತ್ತಿರ ಇಟ್ಟುಕೊಂಡು ಕೈ ತೊಳೆಯುವಾಗಲೇ ಮುಗಿಸಿಬಿಡಲಿ.

ಪೇಸ್ಟ್ ಯಾವುದು? ಎಷ್ಟು ಹಾಕಬೇಕು?

ಕಂಪನಿಯ ಹೆಸರು ಬಿಟ್ಟು ಟ್ಯೂಬಿನ ಹಿಂಬದಿ ನೋಡಿ. ಫ್ಲೋರೈಡ್ ಎಷ್ಟು ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) ಅಂತ ಬರೆದಿರಬೇಕು. ನಮ್ಮ ದೇಶದ ಕಾನೂನಿನಲ್ಲಿ ಟೂತ್‌ಪೇಸ್ಟಿನ ಫ್ಲೋರೈಡ್ 1000 ಪಿಪಿಎಂ ದಾಟುವಂತಿಲ್ಲ. ದೊಡ್ಡವರಿಗೆ ಅದಕ್ಕೆ ಹತ್ತಿರದ್ದೇ ಬೇಕು. ಮಕ್ಕಳ ಪೇಸ್ಟ್ ಎಂದು ಕಾರ್ಟೂನ್ ಹಾಕಿ ಮಾರುವವುಗಳಲ್ಲಿ ಕೆಲವಕ್ಕೆ ಫ್ಲೋರೈಡ್ ಅರ್ಧ, ಕೆಲವಕ್ಕೆ ಸೊನ್ನೆ. ಲವಂಗ, ಬೇವು, ಉಪ್ಪು ಎಂದೆಲ್ಲ ಬರೆದಿದ್ದರೂ ಫ್ಲೋರೈಡ್ ಇಲ್ಲದಿದ್ದರೆ ಅದು ಬಾಯಿಗೆ ಪರಿಮಳ ಕೊಡುತ್ತದೆ, ಹುಳುಕು ತಡೆಯುವುದಿಲ್ಲ.

ಮೂರು ವರ್ಷದೊಳಗಿನ ಮಗುವಿಗೆ ಒಂದು ಅಕ್ಕಿಕಾಳಿನಷ್ಟು, ಬ್ರಶ್ಶಿನ ಕೂದಲಿಗೆ ಸವರಿದ ಹಾಗೆ. ಮೂರರಿಂದ ಆರು ವರ್ಷದವರಿಗೆ ಬಟಾಣಿಕಾಳಿನಷ್ಟು. ದೊಡ್ಡವರಿಗೂ ಇದಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು. ಜಾಹೀರಾತಿನಲ್ಲಿ ಬ್ರಶ್ಶಿನ ಈ ತುದಿಯಿಂದ ಆ ತುದಿಯವರೆಗೆ ಅಲೆಯಂತೆ ಹಾಕಿ ತೋರಿಸುವುದು ಟ್ಯೂಬ್ ಬೇಗ ಖಾಲಿಯಾಗಲಿ ಅಂತ. ಪೇಸ್ಟನ್ನು ದೊಡ್ಡವರೇ ಹಾಕಿಕೊಡಿ. ಮಗು ನುಂಗುವುದು ಸಹಜ, ಆದ್ದರಿಂದಲೇ ಅಳತೆ ಅಷ್ಟು ಚಿಕ್ಕದು.

ಸರಿಯಾಗಿ ಉಜ್ಜುವುದು ಹೇಗೆ?

ಬ್ರಶ್ ಸಾಫ್ಟ್ ಇರಲಿ, ತಲೆ ಚಿಕ್ಕದಿರಲಿ. ಕೂದಲು ಅರ್ಧ ಹಲ್ಲಿನ ಮೇಲೆ, ಅರ್ಧ ಒಸಡಿನ ಅಂಚಿನ ಮೇಲೆ ಬರುವಂತೆ 45 ಡಿಗ್ರಿ ಓರೆಯಾಗಿ ಇಡಿ. ಇದ್ದಲ್ಲೇ ಸಣ್ಣದಾಗಿ ಅಲುಗಾಡಿಸಿ, ಆಮೇಲೆ ಒಸಡಿನಿಂದ ಹಲ್ಲಿನ ತುದಿಯ ಕಡೆಗೆ ಗುಡಿಸಿದಂತೆ ಎಳೆಯಿರಿ. ಒಮ್ಮೆಗೆ ಎರಡು-ಮೂರು ಹಲ್ಲು, ಒಂದೊಂದು ಕಡೆಗೆ ಏಳೆಂಟು ಸಲ. ಹೊರಮೈ ಎಲ್ಲ ಮುಗಿಸಿ, ಒಳಮೈಗೆ ಹೋಗಿ, ಕೊನೆಗೆ ಜಗಿಯುವ ಮೇಲ್ಭಾಗ. ಒಟ್ಟು ಎರಡು ನಿಮಿಷ. ಗಡಿಯಾರ ನೋಡದೆ ಉಜ್ಜುವವರು ಒಂದು ನಿಮಿಷವೂ ಮುಟ್ಟುವುದಿಲ್ಲ.

ಎಲ್ಲರೂ ಬಿಡುವ ಜಾಗ ಎರಡು. ಮೊದಲನೆಯದು ಕೆಳಗಿನ ಮುಂದಿನ ಹಲ್ಲುಗಳ ಒಳಬದಿ, ನಾಲಗೆ ತಾಗುವ ಕಡೆ. ಕಲ್ಲಿನಂತೆ ಗಟ್ಟಿಯಾಗುವ ಹಳದಿ ಕಿಟ್ಟ ಮೊದಲು ಕಟ್ಟುವುದೇ ಅಲ್ಲಿ. ಬ್ರಶ್ಶನ್ನು ನೆಟ್ಟಗೆ ನಿಲ್ಲಿಸಿ, ಅದರ ತುದಿಯಿಂದ ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಎರಡನೆಯದು ಮೇಲಿನ ಕೊನೆಯ ದವಡೆಹಲ್ಲಿನ ಹೊರಬದಿ. ಬಾಯಿ ದೊಡ್ಡದಾಗಿ ತೆರೆದರೆ ಕೆನ್ನೆ ಬಿಗಿದು ಬ್ರಶ್ ಒಳಗೇ ಹೋಗುವುದಿಲ್ಲ. ಬಾಯಿ ಅರ್ಧ ಮುಚ್ಚಿ ನೋಡಿ, ಜಾಗ ತಾನಾಗಿ ಸಿಗುತ್ತದೆ.

ಗರಗಸ ಎಳೆದಂತೆ ಅಡ್ಡಡ್ಡ ತಿಕ್ಕಬೇಡಿ. ವರ್ಷಗಟ್ಟಲೆ ಹಾಗೆ ತಿಕ್ಕಿದರೆ ಒಸಡಿನ ಪಕ್ಕದಲ್ಲಿ ಕೊಡಲಿ ಏಟು ಬಿದ್ದಂಥ ಗೀರಾಗುತ್ತದೆ. ಬಲಗೈಯವರಿಗೆ ಎಡಗಡೆಯಲ್ಲಿ ಹೆಚ್ಚು, ಒತ್ತಡ ಬೀಳುವುದು ಆ ಕಡೆಗೇ.

ಉಜ್ಜಿದ ಮೇಲೆ ಎಷ್ಟು ಸಲ ಬಾಯಿ ಮುಕ್ಕಳಿಸಬೇಕು?

ಮುಕ್ಕಳಿಸಬೇಡಿ. ನೊರೆಯನ್ನು ಚೆನ್ನಾಗಿ ಉಗುಳಿ, ಸಾಕು. ಹಲ್ಲಿನ ಮೇಲೆ ಉಳಿದ ಫ್ಲೋರೈಡೇ ಕೆಲಸ ಮಾಡುವುದು. ನಾಲ್ಕು ಚೊಂಬು ನೀರಲ್ಲಿ ಗಳಗಳ ಮಾಡಿದರೆ ಕೊಂಡ ಪೇಸ್ಟಿನ ದುಡ್ಡು ಮೋರಿಗೆ. ತೀರಾ ಕಸಿವಿಸಿಯಾದರೆ ಒಂದೇ ಗುಟುಕು ನೀರು.

ಹಲ್ಲೇ ಬಾರದ ಕೂಸಿಗೆ ಏನು ಮಾಡಬೇಕು?

ಹಾಲು ಕುಡಿಸಿದ ಮೇಲೆ ಶುದ್ಧವಾದ ಹತ್ತಿಬಟ್ಟೆಯನ್ನು ಕಾಯಿಸಿ ಆರಿಸಿದ ನೀರಲ್ಲಿ ಅದ್ದಿ, ಬೆರಳಿಗೆ ಸುತ್ತಿ ಒಸಡು ಒರೆಸಿ. ಸುಮಾರು ಆರನೇ ತಿಂಗಳಿಗೆ ಮೊದಲ ಹಲ್ಲು ಕಾಣಿಸುತ್ತದೆ, ಒಂದೆರಡು ತಿಂಗಳು ಹಿಂದೆಮುಂದಾದರೆ ಗಾಬರಿ ಬೇಡ. ಹಲ್ಲು ಕಂಡ ದಿನದಿಂದಲೇ ಬ್ರಶ್ ಮತ್ತು ಅಕ್ಕಿಕಾಳಿನಷ್ಟು ಪೇಸ್ಟ್. ಎರಡೂವರೆ-ಮೂರು ವರ್ಷಕ್ಕೆ 20 ಹಾಲುಹಲ್ಲು ಪೂರ್ತಿಯಾಗುತ್ತವೆ. ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸಿ.

ಮಗು ಬಾಟಲಿ ಹಾಲು ಕುಡಿಯುತ್ತಲೇ ಮಲಗುತ್ತದೆ. ಅಜ್ಜಿ ಅದಕ್ಕೆ ಒಂದು ಚಮಚ ಸಕ್ಕರೆಯೂ ಹಾಕುತ್ತಾರೆ...

ಪುಟ್ಟ ಮಕ್ಕಳ ಹಲ್ಲು ಇಡಿಯಾಗಿ ಹಾಳಾಗಲು ಇದಕ್ಕಿಂತ ದೊಡ್ಡ ಕಾರಣವಿಲ್ಲ. ಹಾಲು ಮೇಲಿನ ನಾಲ್ಕು ಮುಂದಿನ ಹಲ್ಲುಗಳ ಸುತ್ತ ರಾತ್ರಿಯಿಡೀ ನಿಲ್ಲುತ್ತದೆ. ಕೆಳಗಿನ ಹಲ್ಲುಗಳನ್ನು ನಾಲಗೆ ಮುಚ್ಚಿಕೊಂಡಿರುವುದರಿಂದ ಅವು ಉಳಿಯುತ್ತವೆ. ಮೇಲ್ತುಟಿ ಎತ್ತಿ ಬೆಳಕಿನಲ್ಲಿ ನೋಡಿ. ಒಸಡಿನ ಅಂಚಿಗೆ ಸಮಾನಾಂತರವಾಗಿ ಸುಣ್ಣದಂಥ ಬಿಳಿಗೆರೆ ಕಂಡರೆ ಅದು ಹುಳುಕಿನ ಮೊದಲ ಹೆಜ್ಜೆ, ಇನ್ನೂ ಹಿಂದಕ್ಕೆ ತರಬಹುದು. ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾದರೆ ತಡವಾಯಿತು.

ಬಿಡಿಸುವ ದಾರಿ: ಮೊದಲು ಸಕ್ಕರೆ ನಿಲ್ಲಿಸಿ. ಆಮೇಲೆ ವಾರದಿಂದ ವಾರಕ್ಕೆ ಹಾಲಿಗೆ ನೀರು ಹೆಚ್ಚಿಸುತ್ತಾ, ಮೂರು-ನಾಲ್ಕು ವಾರದಲ್ಲಿ ಮಲಗುವ ಬಾಟಲಿಯಲ್ಲಿ ಬರೀ ನೀರೇ ಇರುವಂತೆ ಮಾಡಿ. ಹಗಲಿನ ಹಾಲಿಗೆ ನೀರು ಬೆರೆಸಬೇಡಿ. ಒಂದು ವರ್ಷ ದಾಟುತ್ತಿದ್ದಂತೆ ಬಾಟಲಿ ಬಿಟ್ಟು ಲೋಟಕ್ಕೆ ಬನ್ನಿ. ಅಜ್ಜಿಗೆ ಮಗುವಿನ ಹಲ್ಲನ್ನೇ ತುಟಿ ಎತ್ತಿ ತೋರಿಸಿ. ವಾದಕ್ಕಿಂತ ಅದು ಬೇಗ ಒಪ್ಪಿಸುತ್ತದೆ.

ಎಷ್ಟಾದರೂ ಬಿದ್ದುಹೋಗುವ ಹಾಲುಹಲ್ಲು. ಫಿಲ್ಲಿಂಗ್, ರೂಟ್ ಕೆನಾಲ್ ಎಲ್ಲ ಯಾಕೆ?

ಮುಂದಿನ ಹಾಲುಹಲ್ಲು ಆರೇಳು ವರ್ಷಕ್ಕೆ ಬೀಳುತ್ತದೆ, ನಿಜ. ಹಿಂದಿನ ದವಡೆಯ ಹಾಲುಹಲ್ಲು ಬೀಳುವುದು ಹತ್ತರಿಂದ ಹನ್ನೆರಡಕ್ಕೆ. ನಾಲ್ಕು ವರ್ಷದ ಮಗುವಿನ ದವಡೆಹಲ್ಲು ಹುಳುಕಾದರೆ ಇನ್ನೂ ಆರೇಳು ವರ್ಷ ಅದರಲ್ಲೇ ಜಗಿಯಬೇಕು. ಕಿತ್ತರೆ ಪಕ್ಕದ ಹಲ್ಲುಗಳು ಖಾಲಿ ಜಾಗಕ್ಕೆ ವಾಲಿ, ಕೆಳಗಿಂದ ಬರುವ ಶಾಶ್ವತ ಹಲ್ಲಿಗೆ ದಾರಿಯಿಲ್ಲದೆ ಅದು ಸೊಟ್ಟಗೆ ಹುಟ್ಟುತ್ತದೆ. ಮುಂದೆ ತಂತಿ ಕಟ್ಟಿಸುವ ಖರ್ಚಿನ ಹತ್ತಿರಕ್ಕೂ ಫಿಲ್ಲಿಂಗಿನ ಖರ್ಚು ಬರುವುದಿಲ್ಲ. ಕೀಳಲೇಬೇಕಾದರೆ ಜಾಗ ಕಾಯುವ ತಂತಿ ಕೂರಿಸಬೇಕೇ ಅಂತ ಕೇಳಿ. ಹಾಲುಹಲ್ಲಿನ ರೂಟ್ ಕೆನಾಲ್ ಆದ ಮೇಲೆ ಹಾಕುವ ಸ್ಟೀಲ್ ಟೋಪಿ ನೋಡಲು ಚೆಂದವಿರದು, ಆದರೆ ಗಟ್ಟಿ.

ತೀರಾ ಚಿಕ್ಕ ಮಗು ಕೂರುವುದೇ ಇಲ್ಲ ಅಂದರೆ ಸಿಲ್ವರ್ ಡೈಯಮೈನ್ ಫ್ಲೋರೈಡ್ ಎಂಬ ದ್ರವ ಹಚ್ಚಿ ಹುಳುಕನ್ನು ನಿಲ್ಲಿಸಲು ಬರುತ್ತದೆ. ಡ್ರಿಲ್ ಇಲ್ಲ, ಸೂಜಿ ಇಲ್ಲ. ಹುಳುಕಾದ ಭಾಗ ಖಾಯಂ ಕಪ್ಪಾಗುತ್ತದೆ, ಅದನ್ನು ಮೊದಲೇ ಒಪ್ಪಿಕೊಂಡಿರಬೇಕು.

ಆರನೇ ವರ್ಷದ ದವಡೆಹಲ್ಲು ಅಂದರೆ ಯಾವುದು?

ಕೊನೆಯ ಹಾಲುಹಲ್ಲಿನ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಬರುವ ಮೊದಲ ಶಾಶ್ವತ ದವಡೆಹಲ್ಲು. ಮೇಲೆ ಎರಡು, ಕೆಳಗೆ ಎರಡು. ಹಲ್ಲು ಬಿದ್ದಿಲ್ಲವಲ್ಲ, ಇದೂ ಹಾಲುಹಲ್ಲೇ ಅಂತ ಮನೆಯವರು ಸುಮ್ಮನಿದ್ದುಬಿಡುತ್ತಾರೆ. ಎಂಟೊಂಬತ್ತಕ್ಕೆ ಅದು ಹುಳುಕಾಗಿ ಬರುವಾಗ ಮನೆಮಂದಿಗೆಲ್ಲ ಆಶ್ಚರ್ಯ. ಜೀವಮಾನವಿಡೀ ಜಗಿಯುವ ಭಾರ ಹೊರುವ ಹಲ್ಲು ಇದು.

ಅದರ ಮೇಲ್ಭಾಗದ ಗೀರುಗಳು ಬ್ರಶ್ಶಿನ ಕೂದಲಿಗಿಂತ ಕಿರಿದು, ಎಷ್ಟು ಉಜ್ಜಿದರೂ ತಳ ಮುಟ್ಟುವುದಿಲ್ಲ. ಅದಕ್ಕೇ ಸೀಲೆಂಟ್: ಹಲ್ಲು ಪೂರ್ತಿ ಹೊರಬಂದ ಮೇಲೆ ತೊಳೆದು, ಒಣಗಿಸಿ, ಗೀರಿನೊಳಗೆ ತೆಳು ರಾಳ ಇಳಿಸಿ ನೀಲಿ ಬೆಳಕಿನಲ್ಲಿ ಗಟ್ಟಿ ಮಾಡುತ್ತಾರೆ. ನೋವಿಲ್ಲ, ಹಲ್ಲಿಗೆ ಕೆಲವೇ ನಿಮಿಷ. ಹಚ್ಚುವಾಗ ಜೊಲ್ಲು ತಾಗಿದರೆ ಎದ್ದುಹೋಗುತ್ತದೆ, ಆದ್ದರಿಂದ ಆರು ತಿಂಗಳಿಗೊಮ್ಮೆ ಇದೆಯೇ ಅಂತ ನೋಡಿಸಿ. ಹನ್ನೆರಡನೇ ವರ್ಷದ ದವಡೆಹಲ್ಲಿಗೂ ಇದೇ. ಹುಳುಕು ಬೇಗ ಹಿಡಿಯುವ ಮಕ್ಕಳಿಗೆ ಮೂರರಿಂದ ಆರು ತಿಂಗಳಿಗೊಮ್ಮೆ ಫ್ಲೋರೈಡ್ ವಾರ್ನಿಶ್ ಕೂಡ ಹಚ್ಚಿಸಬಹುದು. ಆ ರಾತ್ರಿ ಉಜ್ಜಬಾರದು, ಕೆಲವು ಗಂಟೆ ಬಿಸಿ ಮತ್ತು ಗಟ್ಟಿ ತಿನಿಸು ಬೇಡ.

ಹಾಲುಹಲ್ಲಿನ ಹಿಂದೆಯೇ ಹೊಸ ಹಲ್ಲು ಬಂದು ಎರಡು ಸಾಲಾಗಿದೆ!

ಕೆಳಗಿನ ಮುಂದಿನ ಹಲ್ಲಲ್ಲಿ ಇದು ಮಾಮೂಲು. ಹಾಲುಹಲ್ಲು ಅಲುಗಾಡುತ್ತಿದ್ದರೆ ಮಗುವೇ ನಾಲಗೆಯಿಂದ ಆಡಿಸಿ ಬೀಳಿಸಲಿ, ಹಿಂದಿನದು ನಿಧಾನಕ್ಕೆ ಮುಂದೆ ಬರುತ್ತದೆ. ಎರಡು ತಿಂಗಳಾದರೂ ಅಲುಗದಿದ್ದರೆ ತೋರಿಸಿ. ಮೇಲಿನ ಎರಡು ಮುಂದಿನ ಹಲ್ಲಿನ ನಡುವೆ ಏಳೆಂಟು ವರ್ಷಕ್ಕೆ ಕಾಣುವ ಸಂದೂ ಕೋರೆಹಲ್ಲು ಬಂದ ಮೇಲೆ ಸಾಮಾನ್ಯವಾಗಿ ಮುಚ್ಚಿಕೊಳ್ಳುತ್ತದೆ.

ಮಗ ಉಜ್ಜಲು ಬಿಡುವುದೇ ಇಲ್ಲ. ತಾನೇ ಉಜ್ಜುತ್ತೇನೆ ಅನ್ನುತ್ತಾನೆ.

ಏಳೆಂಟು ವರ್ಷದವರೆಗೆ ಮಕ್ಕಳ ಕೈಗೆ ಆ ಹದ ಬರುವುದಿಲ್ಲ. ಮೊದಲು ಅವನು, ಆಮೇಲೆ ನೀವು. ಚಿಕ್ಕವನಾದರೆ ನೆಲದಲ್ಲಿ ಕೂತು ತಲೆಯನ್ನು ತೊಡೆಯ ಮೇಲೆ ಮಲಗಿಸಿಕೊಳ್ಳಿ, ಮೇಲಿಂದ ಎಲ್ಲ ಹಲ್ಲೂ ಕಾಣುತ್ತದೆ. ದೊಡ್ಡವನಾದರೆ ಹಿಂದೆ ನಿಂತು, ಅವನ ತಲೆಯನ್ನು ನಿಮ್ಮ ಹೊಟ್ಟೆಗೆ ಒರಗಿಸಿಕೊಂಡು ಕನ್ನಡಿ ಮುಂದೆ ಉಜ್ಜಿ. ಮಾತು ಕೇಳದಿದ್ದರೆ ಡಾಕ್ಟರ್ ಹತ್ತಿರ ಸೂಜಿ ಹಾಕಿಸುತ್ತೇನೆ ಅಂತ ಮಾತ್ರ ಹೆದರಿಸಬೇಡಿ. ಆ ಒಂದು ಮಾತನ್ನು ಕುರ್ಚಿಯಲ್ಲಿ ಕೂರಿಸಿ ಮರೆಸಲು ನಾಲ್ಕು ಭೇಟಿ ಬೇಕಾಗುತ್ತದೆ.

ಇಲ್ಲಿಯ ನೀರಿನಿಂದ ಹಲ್ಲು ಹಳದಿಯಾಗುತ್ತದೆಯೇ?

ಮುಂಬಯಿಯ ನಲ್ಲಿ ನೀರು ಭಾತಸಾ, ತಾನಸಾ, ಮೋಡಕ್ ಸಾಗರ, ವೈತರಣಾ, ವಿಹಾರ, ತುಳಸಿ ಕೆರೆ-ಅಣೆಕಟ್ಟುಗಳಿಂದ ಬರುತ್ತದೆ, ಪುಣೆಯದ್ದು ಖಡಕವಾಸ್ಲಾ ಕಡೆಯಿಂದ. ಇದು ಮಳೆಯ ನೀರು, ಹಲ್ಲಿಗೆ ಕಲೆ ಬೀಳಿಸುವಷ್ಟು ಫ್ಲೋರೈಡ್ ಇದರಲ್ಲಿ ಇರುವುದಿಲ್ಲ. ಕಲೆ ಬೀಳಿಸುವುದು ಆಳದ ಬೋರ್‌ವೆಲ್ ನೀರು. ಕೋಲಾರ, ತುಮಕೂರು, ಚಿತ್ರದುರ್ಗ, ಗದಗ, ಕೊಪ್ಪಳ, ರಾಯಚೂರು ಕಡೆಯ ಹಲವು ಊರುಗಳಲ್ಲಿ ಇದು ಹಳೆಯ ಸಮಸ್ಯೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ.

ಕಲೆ ಕೂರುವುದು ಒಸಡಿನೊಳಗೆ ಹಲ್ಲು ರೂಪುಗೊಳ್ಳುವಾಗ, ಅಂದರೆ ಸುಮಾರು ಎಂಟು ವರ್ಷದೊಳಗೆ. ಹಾಗಾಗಿ ಬೇಸಿಗೆ ರಜೆಗೆ ಒಂದು ತಿಂಗಳು ಊರಿಗೆ ಹೋಗಿಬಂದರೆ ಏನೂ ಆಗುವುದಿಲ್ಲ. ಅಜ್ಜಿಮನೆಯಲ್ಲೇ ವರ್ಷಗಟ್ಟಲೆ ಬೆಳೆಯುವ ಮಗುವಾದರೆ ಆ ಬೋರ್ ನೀರು ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಆರ್‌ಒ ಯಂತ್ರ ಬಹುಪಾಲು ತೆಗೆಯುತ್ತದೆ. ಪುಣೆಯ ಹೊರವಲಯದ ಸೊಸೈಟಿಗಳಲ್ಲಿ ಟ್ಯಾಂಕರ್, ಬೋರ್ ನೀರನ್ನೇ ಕುಡಿಯುವವರಿಗೂ ಪರೀಕ್ಷೆಯ ಮಾತು ಅನ್ವಯ.

ಫ್ಲೋರೈಡ್ ಪೇಸ್ಟ್ ಬೇಡವೇ ಹಾಗಾದರೆ? ಬೇಕು. ಅತಿಯಾಗಿ ನುಂಗಿದ್ದು ಹಾನಿ, ಹಚ್ಚಿದ್ದು ರಕ್ಷಣೆ.

ಉಜ್ಜುವಾಗ ರಕ್ತ ಬರುತ್ತದೆ. ಆ ಜಾಗ ಬಿಟ್ಟು ಉಜ್ಜುತ್ತಿದ್ದೇನೆ.

ತಪ್ಪು ಮಾಡುತ್ತಿರುವುದು ಅಲ್ಲೇ. ಪಾಚಿ ಉಳಿದದ್ದರಿಂದ ಒಸಡು ಊದಿಕೊಂಡಿದೆ, ಬಿಟ್ಟಷ್ಟೂ ಹೆಚ್ಚು ಊದುತ್ತದೆ. ಸಾಫ್ಟ್ ಬ್ರಶ್‌ನಿಂದ ಅದೇ ಜಾಗವನ್ನು ಮೆಲ್ಲಗೆ, ದಿನಕ್ಕೆರಡು ಸಲ ಉಜ್ಜಿ, ಹಲ್ಲಿನ ಸಂದಿಯನ್ನೂ ಶುಚಿ ಮಾಡಿ. ಒಂದೆರಡು ವಾರದಲ್ಲಿ ರಕ್ತ ನಿಲ್ಲಬೇಕು. ನಿಲ್ಲದಿದ್ದರೆ ಒಸಡಿನ ಕೆಳಗೆ ಕಿಟ್ಟ ಇದೆ, ಅದು ಮನೆಯಲ್ಲಿ ಹೋಗದು.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದಂತೆ?

ಈ ಮಾತು ಕೇಳಿ ಹತ್ತು ವರ್ಷ ಸುಮ್ಮನಿದ್ದು, ಆಮೇಲೆ ಹಲ್ಲೇ ಕೀಳಿಸಿಕೊಂಡವರು ಬಹಳ ಮಂದಿ. ಬಚ್ಚಲ ಹಂಡೆಯ ತಳಕ್ಕೆ ಕಟ್ಟುವ ಬಿಳಿ ಕಿಟ್ಟದಂತೆ ಪಾಚಿಯೂ ಜೊಲ್ಲಿನ ಸುಣ್ಣ ಸೇರಿ ಗಟ್ಟಿಯಾಗುತ್ತದೆ. ಅದರಡಿಯಲ್ಲಿ ಒಸಡು, ಮೂಳೆ ಸವೆಯುತ್ತವೆ. ಹಲ್ಲು ಆಗಲೇ ಸಡಿಲವಾಗಿರುತ್ತದೆ, ಕಿಟ್ಟ ಅದನ್ನು ಪಕ್ಕದ ಹಲ್ಲಿಗೆ ಅಂಟಿಸಿ ಹಿಡಿದಿರುತ್ತದೆ, ತೆಗೆದಾಗ ನಿಜ ಬಯಲಾಗುತ್ತದೆ. ಸಂದು ದೊಡ್ಡದಾದಂತೆ, ಕೆಲವು ದಿನ ತಣ್ಣೀರು ಜುಂ ಅಂದಂತೆ ಆಗುವುದು ಸಹಜ. ಒಸಡು ಗಟ್ಟಿಯಾದಂತೆ ಕಡಿಮೆಯಾಗುತ್ತದೆ.

ಹೋಟೆಲ್ ಕೆಲಸ. ದಿನಕ್ಕೆ ಏಳೆಂಟು ಕಟಿಂಗ್ ಚಾ ಆಗುತ್ತದೆ. ಬಿಡಲಾಗುವುದಿಲ್ಲ.

ಬಿಡಬೇಡಿ, ಗುಂಪು ಮಾಡಿ. ಹತ್ತು ಹತ್ತು ನಿಮಿಷಕ್ಕೆ ಗುಟುಕರಿಸುತ್ತಾ ಒಂದೇ ಗ್ಲಾಸನ್ನು ಗಂಟೆ ಹೊತ್ತು ಎಳೆಯುವುದು ಹಲ್ಲಿಗೆ ಅತಿ ಕೆಟ್ಟದ್ದು. ತಿಂಡಿಯ ಜೊತೆ ಒಂದು, ಊಟದ ಜೊತೆ ಒಂದು ಸಕ್ಕರೆ ಹಾಕಿದ್ದು ಕುಡಿದು, ಉಳಿದವು ಸಕ್ಕರೆಯಿಲ್ಲದೆ. ಪ್ರತಿ ಚಾ ಆದ ಮೇಲೆ ಒಂದು ಗುಟುಕು ನೀರನ್ನು ಬಾಯಲ್ಲಿ ಸುತ್ತಿಸಿ ನುಂಗಿ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಮಲಗುವವರಿಗೆ ‘ರಾತ್ರಿ ಉಜ್ಜುವುದು’ ಅಂದರೆ ಮಲಗುವ ಮೊದಲು, ಗಡಿಯಾರ ಎಷ್ಟೇ ತೋರಿಸಲಿ.

ಮಿಶ್ರಿ ಹಚ್ಚಿದರೆ ಒಸಡು ಗಟ್ಟಿಯಾಗುತ್ತದೆ ಅಂತ ಪಕ್ಕದ ಮನೆಯ ಮಾವಶಿ ಹೇಳಿದರು.

ಮಿಶ್ರಿ ಹುರಿದ ಹೊಗೆಸೊಪ್ಪಿನ ಪುಡಿ, ಹಲ್ಲುಪುಡಿಯಲ್ಲ. ನಿಕೋಟಿನ್ ನೋವನ್ನು ಮರೆಸುತ್ತದೆ, ರಕ್ತನಾಳ ಸಂಕುಚಿಸಿ ಒಸಡಿನ ರಕ್ತವನ್ನೂ ಮರೆಮಾಡುತ್ತದೆ, ರೋಗ ಒಳಗೊಳಗೇ ಬೆಳೆಯುತ್ತದೆ. ಬೆಳಿಗ್ಗೆ ಒಮ್ಮೆ ಅಂತ ಶುರುವಾದದ್ದು ಮೂರ್ನಾಲ್ಕು ಸಲಕ್ಕೆ ಮುಟ್ಟುತ್ತದೆ, ಬಾಯಿ ಕ್ಯಾನ್ಸರಿಗೂ ದಾರಿ. ಮಹಾರಾಷ್ಟ್ರದಲ್ಲಿ ಗುಟ್ಕಾ 2012ರಿಂದ ನಿಷೇಧ, ಆದರೆ ಬರೀ ಅಡಿಕೆಯೂ ಸಾಧುವಲ್ಲ. ನಮ್ಮ ಕರಾವಳಿಯವರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಅಡಿಕೆ ಕೆನ್ನೆಯ ಒಳಪದರವನ್ನು ಹಗ್ಗದಂತೆ ಬಿಗಿಯಾಗಿಸುತ್ತದೆ, ಬಾಯಿ ತೆರೆಯುವುದು ಕಡಿಮೆಯಾಗುತ್ತಾ ಹೋಗುತ್ತದೆ.

ಮನೆಯಲ್ಲೇ ಪರೀಕ್ಷಿಸಿ: ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದಾಗಿ ಮೇಲಿನ-ಕೆಳಗಿನ ಮುಂದಿನ ಹಲ್ಲಿನ ನಡುವೆ ಇಡಲಾಗಬೇಕು. ಆಗದಿದ್ದರೆ, ಖಾರ ತಾಗಿದರೆ ಉರಿದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಹುಣ್ಣು ಎರಡು ವಾರದಲ್ಲಿ ವಾಸಿಯಾಗದಿದ್ದರೆ ಆ ವಾರವೇ ತೋರಿಸಿ. ಬಿಡಲು ನೆರವು ಬೇಕಿದ್ದರೆ ಸರ್ಕಾರದ ತಂಬಾಕು ಬಿಡಿಸುವ ಉಚಿತ ಸಹಾಯವಾಣಿ 1800 11 2356.

ಹಬ್ಬ, ಮಳೆ, ಬೇಸಿಗೆ: ಯಾವಾಗ ಏನು ಗಮನಿಸಬೇಕು?

ಸಂಕ್ರಾಂತಿಗೆ ಇಲ್ಲಿ ತಿಳ್‌ಗುಳ್, ನಮ್ಮಲ್ಲಿ ಎಳ್ಳುಬೆಲ್ಲ. ಲಡ್ಡುವಿನ ಅಂಟುಪಾಕ ಹಳೆಯ ಫಿಲ್ಲಿಂಗನ್ನೂ ಟೋಪಿಯನ್ನೂ ಕಿತ್ತುಕೊಂಡು ಬರುತ್ತದೆ. ಬಿದ್ದ ಟೋಪಿಯನ್ನು ತೊಳೆದು ಡಬ್ಬಿಯಲ್ಲಿಟ್ಟು ಒಯ್ಯಿರಿ, ಮತ್ತೆ ಅಂಟಿಸಲು ಬರಬಹುದು. ಅಂಗಡಿಯ ಗೋಂದು ಮುಟ್ಟಬೇಡಿ.

ಏಪ್ರಿಲ್-ಮೇ ತಿಂಗಳ ಕೋಕಮ್ ಶರಬತ್ತು, ನಿಂಬೆ ಪಾನಕ, ಹುಳಿಮಾವಿನ ಪನ್ನಾ, ಗೋವಾದವರ ಸೋಲ್ಕಢಿ ಎಲ್ಲವೂ ಹುಳಿ. ಹುಳಿ ತಾಗಿದ ಹಲ್ಲಿನ ಮೇಲ್ಪದರ ಸ್ವಲ್ಪ ಹೊತ್ತು ಮೆತ್ತಗಿರುತ್ತದೆ. ಕುಡಿದ ತಕ್ಷಣ ಉಜ್ಜದೆ ಅರ್ಧ ಗಂಟೆ ಬಿಡಿ, ಅಷ್ಟರಲ್ಲಿ ನೀರು ಕುಡಿಯಿರಿ. ಬೆಳಿಗ್ಗೆ ತಿಂಡಿಗೆ ಮೊದಲೇ ಉಜ್ಜುವುದು ಲೇಸು ಅನ್ನುವುದೂ ಇದಕ್ಕೇ.

ಮಳೆಗಾಲದ ನಾಲ್ಕು ತಿಂಗಳು ಮುಂಬಯಿ ಬಾತ್‌ರೂಮಿನಲ್ಲಿ ಏನೂ ಒಣಗುವುದಿಲ್ಲ. ಬ್ರಶ್ಶಿಗೆ ಪ್ಲಾಸ್ಟಿಕ್ ಟೋಪಿ ಹಾಕಿಟ್ಟರೆ ಒಳಗೇ ಬೂಸ್ಟು. ಕೊಡವಿ, ತಲೆ ಮೇಲಾಗಿ, ಗಾಳಿಯಾಡುವ ಕಡೆ, ಒಬ್ಬರದ್ದು ಇನ್ನೊಬ್ಬರದ್ದಕ್ಕೆ ತಾಗದಂತೆ ನಿಲ್ಲಿಸಿ. ಮೂರು ತಿಂಗಳಿಗೊಮ್ಮೆ, ಕೂದಲು ಕೆದರಿದರೆ ಮೊದಲೇ ಬದಲಿಸಿ. ಶೀತ-ಕೆಮ್ಮಿಗೆ ಕೊಡುವ ಮಕ್ಕಳ ಸಿರಪ್ಪುಗಳಲ್ಲಿ ಹೆಚ್ಚಿನವು ಸಿಹಿ. ರಾತ್ರಿಯ ಡೋಸ್ ಕೊಟ್ಟ ಮೇಲೆ ಉಜ್ಜಿಸಿ, ಮೊದಲಲ್ಲ. ದಮ್ಮಿನ ಇನ್‌ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಸುಟ್ಟ ಜೋಳದ ಸಿಪ್ಪೆ ಒಸಡಿನ ಸಂದಿಗೆ ಸಿಕ್ಕಿ ಮರುದಿನ ಊದುವುದೂ ಈ ದಿನಗಳಲ್ಲೇ, ಫ್ಲಾಸ್ ದಾರ ಎಳೆದರೆ ಬರುತ್ತದೆ.

ಶ್ರಾವಣ, ನವರಾತ್ರಿಯ ಉಪವಾಸದಲ್ಲಿ ಸಾಬೂದಾಣಿ ಖಿಚಡಿ, ಖರ್ಜೂರ, ಮತ್ತೆ ಮತ್ತೆ ಚಾ. ಉಪವಾಸದ ದಿನವೇ ಬಾಯಾಡಿಸುವುದು ಹೆಚ್ಚು! ಗಣಪತಿ, ದೀಪಾವಳಿಗೆ ಮೋದಕ, ಶಂಕರಪಾಳಿ, ಕರಂಜಿ ಬೇಡ ಅನ್ನಲು ಯಾರಿಂದಾದೀತು. ಡಬ್ಬಿಯನ್ನು ಡೈನಿಂಗ್ ಟೇಬಲ್ ಮೇಲಿಂದ ಎತ್ತಿ ಮೇಲಿನ ಶೆಲ್ಫಿಗೆ ಇಡಿ, ಊಟದ ಜೊತೆಗೇ ಬಡಿಸಿ.

ತಣ್ಣೀರು ತಾಗಿದರೆ ಜುಂ ಅನ್ನುತ್ತದೆ.

ಬ್ರಶ್ ಬದಲಿಸಿ, ಕೈ ಹಗುರ ಮಾಡಿ, ಪೊಟ್ಯಾಸಿಯಂ ನೈಟ್ರೇಟ್ ಇರುವ ಸೆನ್ಸಿಟಿವ್ ಪೇಸ್ಟನ್ನು ಕನಿಷ್ಠ ಎರಡರಿಂದ ನಾಲ್ಕು ವಾರ ಬಳಸಿ. ಎರಡು ದಿನದಲ್ಲಿ ಗುಣ ಕಾಣಲಿಲ್ಲ ಅಂತ ಬಿಡುವವರೇ ಹೆಚ್ಚು. ಒಂದೇ ಹಲ್ಲಿನಲ್ಲಿ, ಬಿಸಿ ತಾಗಿದರೂ ನೋವು, ತೆಗೆದ ಮೇಲೂ ನಿಮಿಷಗಟ್ಟಲೆ ನಿಂತರೆ ಅದು ಪೇಸ್ಟಿನ ಕೆಲಸವಲ್ಲ, ನರದ ತನಕ ಹೋಗಿದೆ.

ಇದ್ದಿಲ ಪುಡಿ, ಉಪ್ಪು, ಬೇವಿನಕಡ್ಡಿ, ಆಯಿಲ್ ಪುಲ್ಲಿಂಗ್, ಮೌತ್‌ವಾಶ್?

ಇದ್ದಿಲು, ಉಪ್ಪು, ಬೂದಿ ಹಲ್ಲನ್ನು ಸವೆಸುತ್ತವೆ. ಬೇವಿನಕಡ್ಡಿ ಮೆತ್ತಗೆ ಜಗಿದು ಬಳಸಿದರೆ ಅಡ್ಡಿಯಿಲ್ಲ, ಫ್ಲೋರೈಡ್ ಸಿಗದು. ಎಣ್ಣೆ ಮುಕ್ಕಳಿಸುವವರು ಮುಕ್ಕಳಿಸಲಿ, ಆಮೇಲೆ ಉಜ್ಜಲಿ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶನ್ನು ಡಾಕ್ಟರ್ ಹೇಳಿದಷ್ಟೇ ದಿನ, ಸಾಮಾನ್ಯವಾಗಿ ಎರಡು ವಾರ, ಪೇಸ್ಟಿನಿಂದ ಅರ್ಧ ಗಂಟೆ ಅಂತರದಲ್ಲಿ ಬಳಸಿ. ಹೆಚ್ಚು ದಿನವಾದರೆ ಹಲ್ಲಿಗೆ ಕಂದು ಕಲೆ, ನಾಲಗೆಗೆ ರುಚಿಕೇಡು.

ಬಸುರಿಯರು ಹಲ್ಲಿನ ಚಿಕಿತ್ಸೆ ಮಾಡಿಸಿಕೊಳ್ಳಬಹುದೇ?

ಮಾಡಿಸಿಕೊಳ್ಳಬೇಕು. ನಾಲ್ಕರಿಂದ ಆರನೇ ತಿಂಗಳು ಅನುಕೂಲ, ತೀವ್ರ ನೋವು-ಬಾವಿದ್ದರೆ ಯಾವಾಗ ಬೇಕಾದರೂ. ವಾಂತಿಯಾದ ಕೂಡಲೇ ಉಜ್ಜಬೇಡಿ. ಒಂದು ಲೋಟ ನೀರಿಗೆ ಒಂದು ಚಿಕ್ಕ ಚಮಚ ಅಡುಗೆಸೋಡಾ ಬೆರೆಸಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ.

ಅಪ್ಪನಿಗೆ ಸಕ್ಕರೆ ಕಾಯಿಲೆ, ಬಿಪಿ, ಒಂದು ಸೆಟ್ ಹಲ್ಲೂ ಇದೆ.

ಸಕ್ಕರೆ ಹೆಚ್ಚಿದ್ದರೆ ಒಸಡಿನ ರೋಗ ಬಲಿಯುತ್ತದೆ, ಒಸಡಿನ ಸೋಂಕಿದ್ದರೆ ಸಕ್ಕರೆ ಹತೋಟಿಗೆ ಬರುವುದೂ ಕಷ್ಟ. ಹಲ್ಲಿನ ಡಾಕ್ಟರಿಗೆ ಇತ್ತೀಚಿನ ರಿಪೋರ್ಟ್ ಒಯ್ಯಿರಿ, ಬೆಳಗಿನ ಹೊತ್ತು ತಿಂಡಿ-ಮಾತ್ರೆ ಮುಗಿಸಿಯೇ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಹೇಳಿ, ನೀವಾಗಿ ನಿಲ್ಲಿಸಬೇಡಿ. ಹಲವು ಬಿಪಿ ಮಾತ್ರೆಗಳಿಂದ ಬಾಯಿ ಒಣಗಿ, ಒಸಡಿನಿಂದ ಹೊರಬಿದ್ದ ಬೇರಿನ ಭಾಗ ಹುಳುಕಾಗುತ್ತದೆ. ಆಗಾಗ ನೀರು ಗುಟುಕರಿಸಲಿ, ಪೆಪ್ಪರ್‌ಮಿಂಟ್ ಚೀಪುವುದು ಬೇಡ.

ಸೆಟ್ಟನ್ನು ರಾತ್ರಿ ತೆಗೆದು ತಣ್ಣೀರಲ್ಲಿಡಿ. ಕುದಿನೀರು ತಾಗಿದರೆ ಸೊಟ್ಟಗಾಗುತ್ತದೆ. ತೊಳೆಯುವಾಗ ಕೆಳಗೆ ನೀರು ತುಂಬಿದ ಬೋಗುಣಿ ಇಟ್ಟುಕೊಳ್ಳಿ, ಕೈ ಜಾರಿ ಮೋರಿಕಟ್ಟೆಗೆ ಬಿದ್ದು ಎರಡು ತುಂಡಾಗುವುದೇ ಹೆಚ್ಚು. ಪೇಸ್ಟ್ ಬೇಡ, ಕೈತೊಳೆಯುವ ಸಾಬೂನು ಸಾಕು.

ನಡುರಾತ್ರಿ ಹಲ್ಲುನೋವು ಬಂದರೆ?

ಅರ್ಧ ಚಮಚ ಉಪ್ಪು ಹಾಕಿದ ಒಂದು ಲೋಟ ಬೆಚ್ಚನೆ ನೀರಲ್ಲಿ ಮುಕ್ಕಳಿಸಿ, ಸಿಕ್ಕಿಕೊಂಡ ಆಹಾರ ತೆಗೆಯಿರಿ. ದೊಡ್ಡವರು ಅಲರ್ಜಿ, ಲಿವರ್ ತೊಂದರೆ ಇಲ್ಲದಿದ್ದರೆ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಒಂದು ಮಾತ್ರೆ ನುಂಗಬಹುದು. ಲವಂಗದ ಎಣ್ಣೆ ಒಂದೇ ತೊಟ್ಟು, ಹತ್ತಿಯಲ್ಲಿ, ಕುಳಿಯೊಳಗೆ ಮಾತ್ರ. ಒಸಡಿಗೆ ತಾಗಿದರೆ ಸುಡುತ್ತದೆ. ಆಸ್ಪಿರಿನ್ ಮಾತ್ರೆಯನ್ನು ಒಸಡಿನ ಪಕ್ಕ ಇಟ್ಟರೂ ಬಿಳಿ ಸುಟ್ಟಗಾಯ ಖಚಿತ. ತಲೆದಿಂಬು ಎತ್ತರಿಸಿ ಮಲಗಿ. ಕೆನ್ನೆ ಊದಿದ್ದರೆ ಹೊರಗಿಂದ ಬಿಸಿ ಶಾಖ ಕೊಡಬೇಡಿ. ಮೆಡಿಕಲ್‌ನಿಂದ ಆ್ಯಂಟಿಬಯೊಟಿಕ್ ತಂದು ನುಂಗಿದರೆ ಹುಳುಕು ಅಲ್ಲೇ ಇರುತ್ತದೆ.

ಊತ ಕಣ್ಣಿಗೋ ಕುತ್ತಿಗೆಗೋ ಇಳಿದರೆ, ಜ್ವರ ಬಂದರೆ, ಜೊಲ್ಲು ನುಂಗಲೂ ಕಷ್ಟವಾದರೆ ಬೆಳಗಾಗುವವರೆಗೆ ಕಾಯಬೇಡಿ, ದೊಡ್ಡಾಸ್ಪತ್ರೆಗೆ ಹೋಗಿ.

ಕ್ರಿಕೆಟ್ ಆಡುವಾಗ ಚೆಂಡು ತಾಗಿ ಮಗಳ ಮುಂದಿನ ಹಲ್ಲು ಬೇರುಸಮೇತ ಬಿತ್ತು. ಏನು ಮಾಡಬೇಕಿತ್ತು?

ಹಾಲುಹಲ್ಲಾದರೆ ವಾಪಸ್ ಕೂರಿಸಬಾರದು, ಒಳಗಿನ ಹಲ್ಲಿಗೆ ಪೆಟ್ಟಾಗುತ್ತದೆ. ಶಾಶ್ವತ ಹಲ್ಲಾದರೆ ನಿಮಿಷ ನಿಮಿಷಕ್ಕೂ ಬೆಲೆ. ಬಿಳಿ ಭಾಗವನ್ನಷ್ಟೇ ಹಿಡಿಯಿರಿ, ಬೇರು ಮುಟ್ಟಬೇಡಿ, ತಿಕ್ಕಬೇಡಿ. ಮಣ್ಣಾಗಿದ್ದರೆ ಹಾಲಿನಲ್ಲೋ ಹರಿಯುವ ತಣ್ಣೀರಲ್ಲೋ ಹತ್ತು ಸೆಕೆಂಡ್ ತೊಳೆದು ಅದೇ ಕುಳಿಗೆ ಮೆಲ್ಲಗೆ ಕೂರಿಸಿ, ಮಡಿಸಿದ ಕರವಸ್ತ್ರ ಕಚ್ಚಿಸಿ. ಕೂರಿಸಲು ಧೈರ್ಯವಾಗದಿದ್ದರೆ ತಣ್ಣನೆಯ ಹಾಲಿನಲ್ಲಿ ಮುಳುಗಿಸಿ ಒಯ್ಯಿರಿ. ಟಿಶ್ಯೂ ಕಾಗದದಲ್ಲಿ ಸುತ್ತಿದರೆ ಬೇರಿನ ಮೇಲಿನ ಜೀವಕೋಶ ಒಣಗಿ ಸಾಯುತ್ತದೆ. ಅರ್ಧ ಗಂಟೆಯೊಳಗೆ ತಲುಪಿದರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ, ಒಂದು ಗಂಟೆ ದಾಟಿದಂತೆ ಕುಗ್ಗುತ್ತದೆ. ತಡವಾದರೂ ಹೋಗಿ.

ಖರ್ಚು ಕಡಿಮೆಯಾಗುವ ಕಡೆ ಎಲ್ಲಿದೆ?

ಮುಂಬಯಿಯಲ್ಲಿ ಸಿಎಸ್‌ಎಂಟಿ ಹತ್ತಿರ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದ ಸರ್ಕಾರಿ ದಂತ ಕಾಲೇಜು, ಮುಂಬಯಿ ಸೆಂಟ್ರಲ್ ಬಳಿ ಪಾಲಿಕೆಯ ನಾಯರ್ ದಂತ ಕಾಲೇಜು, ಗೋವಾದಲ್ಲಿ ಬಾಂಬೋಳಿಯ ಗೋವಾ ದಂತ ಕಾಲೇಜು. ಪುಣೆಯಲ್ಲಿ ಖಾಸಗಿ ದಂತ ಕಾಲೇಜುಗಳ ಆಸ್ಪತ್ರೆಗಳಲ್ಲೂ ಹೊರಗಿಗಿಂತ ಕಡಿಮೆ. ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರೇ ಮಾಡುತ್ತಾರೆ, ಪ್ರತಿ ಹಂತಕ್ಕೂ ಸಹಿ ಬೀಳಬೇಕು. ಅದಕ್ಕೇ ನಿಧಾನ, ಒಂದು ರೂಟ್ ಕೆನಾಲಿಗೆ ಮೂರ್ನಾಲ್ಕು ಸಲ ಓಡಾಟ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ. ಮಕ್ಕಳನ್ನು ಕರೆದೊಯ್ಯುವುದಾದರೆ ಮಕ್ಕಳ ದಂತ ವಿಭಾಗ ಎಲ್ಲಿ ಅಂತ ಕೇಳಿ, ಸಾಮಾನ್ಯ ಸಾಲಿನಲ್ಲಿ ಕಾಯಬೇಕಿಲ್ಲ.

ತಪಾಸಣೆಗೆ ಆರು ತಿಂಗಳಿಗೊಮ್ಮೆ ಅನ್ನುವುದನ್ನು ಶಾಲೆಯ ರಜೆಗೆ ಹೊಂದಿಸಿಕೊಳ್ಳಿ: ದೀಪಾವಳಿ ರಜೆಗೊಮ್ಮೆ, ಪರೀಕ್ಷೆ ಮುಗಿದ ಏಪ್ರಿಲ್‌ನಲ್ಲೊಮ್ಮೆ.

ರೂಟ್ ಕೆನಾಲ್ ಅರ್ಧವಾಗಿದೆ, ಮುಂದಿನ ವಾರ ಊರಿಗೆ ಟಿಕೆಟ್ ಇದೆ.

ತಾತ್ಕಾಲಿಕ ಫಿಲ್ಲಿಂಗ್ ಕೆಲವು ವಾರ ತಡೆಯುತ್ತದೆ, ಎರಡು ತಿಂಗಳ ರಜೆಗೆ ನಂಬಬೇಡಿ. ಹೊರಡುವ ಮೊದಲು ಒಂದು ಸಲ ನೋಡಿಸಿ, ಆ ಕಡೆಯಲ್ಲಿ ಚಕ್ಕುಲಿ, ಹಲಸಿನ ಹಪ್ಪಳ ಜಗಿಯಬೇಡಿ. ಎಕ್ಸ್‌ರೇ ಫೋಟೊ, ಯಾವ ಹಲ್ಲು, ಎಷ್ಟು ಕೆನಾಲ್, ಒಳಗೆ ಯಾವ ಔಷಧ ಇಟ್ಟಿದ್ದಾರೆ ಎಂಬುದನ್ನು ಕಾರ್ಡಿನಲ್ಲಿ ಬರೆಸಿಕೊಂಡು ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಫಿಲ್ಲಿಂಗ್ ಉದುರಿದರೆ ಉಡುಪಿಯಲ್ಲೋ ಹುಬ್ಬಳ್ಳಿಯಲ್ಲೋ ಯಾವ ಡಾಕ್ಟರೂ ಅದನ್ನು ನೋಡಿ ಮುಂದುವರಿಸಬಲ್ಲರು.